ನಾಯಕರಾಗುವ ಅವಸರ, ಖಾನಾಪುರದ ಮಳೆಗಾಲ

ಪಿಯುಸಿಯಲ್ಲಿ ಕೈತುಂಬ ಅಂಕ, ಸಿಇಟಿಯಲ್ಲೋ ನೀಟ್‌ನಲ್ಲೋ ಒಳ್ಳೆಯ ರ‍್ಯಾಂಕ್ ಹಿಡಿದು ಬೆಳಗಾವಿಯ ಕಾಲೇಜುಗಳಿಗೆ ಬರುವ ಮಕ್ಕಳಿಗೆ ಈಗ ಬರೀ ಡಿಗ್ರಿ ಸಾಲದು. ಮೊದಲ ವಾರದ ಪರಿಚಯದಲ್ಲೇ ಎರಡು ಮಾತು ಜೋಡಿಯಾಗಿ ಬರುತ್ತವೆ: ಲೀಡರ್‌ಶಿಪ್ ಬೇಕು, ಸೋಶಿಯಲ್ ವರ್ಕ್ ಮಾಡಬೇಕು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಊರಿಗೆ ಉಪಕಾರ ಮಾಡಬೇಕೆಂಬ ಹಂಬಲ ಇಲ್ಲದಿದ್ದರೆ ಆಮೇಲೆ ಎಲ್ಲಿಂದ ಬಂದೀತು? ಆದರೆ ಇಂಥ ವಿದ್ಯಾರ್ಥಿಗಳ ಜೊತೆಗೂ ಖಾನಾಪುರ ತಾಲ್ಲೂಕಿನ ಹಳ್ಳಿಗಳ ಜೊತೆಗೂ ವರ್ಷಗಟ್ಟಲೆ ಒಡನಾಡಿ ನಾನು ಕಲಿತ ಪಾಠವೊಂದಿದೆ. ಈ ಎರಡು ಹಂಬಲಗಳು ಒಂದೇ ನೊಗಕ್ಕೆ ಹೂಡಿದ ಎತ್ತುಗಳಲ್ಲ, ಕನಿಷ್ಠ ಮೊದಲ ಎರಡು ವರ್ಷವಂತೂ ಅಲ್ಲ. ಸೇವೆ ಕೇಳುವುದು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಬೇರೆಯವರು ಶುರುಮಾಡಿದ ಕೆಲಸದಲ್ಲಿ ಎರಡನೆಯವರಾಗಿ ಇರುವುದನ್ನು. ನಾಯಕತ್ವದ ಮಾತು ಏಳುವುದು ಅದಾದ ಮೇಲೆ, ಅದೂ ಆ ಜಾಗದವರು ಒಪ್ಪಿದರೆ. ನಮ್ಮ ಕಾಲೇಜುಗಳ ವ್ಯವಸ್ಥೆ ಈ ಕ್ರಮವನ್ನು ತಲೆಕೆಳಗು ಮಾಡಿಟ್ಟಿದೆ ಎಂಬುದು ನನ್ನ ತಕರಾರು.

ವ್ಯವಸ್ಥೆ ಹೇಗಿದೆ ನೋಡಿ. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವವರು ಪದವಿ ಪಡೆಯುವ ಮೊದಲು ಎಐಸಿಟಿಇಯ 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷಕ್ಕೆ ಬಂದವರಿಗೆ 75. ಇವು ಸಿಜಿಪಿಎಗೆ ಸೇರುವುದಿಲ್ಲ, ಆದರೆ ಇವಿಲ್ಲದೆ ಪದವಿಯೂ ಇಲ್ಲ. ಮೂರನೆಯ ಸೆಮಿಸ್ಟರಿನಲ್ಲಿ ಸಾಮಾಜಿಕ ಸಂಪರ್ಕ ಮತ್ತು ಹೊಣೆಗಾರಿಕೆ ಎಂಬ ಒಂದು ಕ್ರೆಡಿಟ್‌ನ ವಿಷಯವೂ ಇದೆ. ಉಳಿದ ಕಾಲೇಜುಗಳಲ್ಲಿ ಗಾಂಧಿ ಜನ್ಮಶತಾಬ್ದಿಯ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಇದೆ: ಎರಡು ವರ್ಷದಲ್ಲಿ 240 ಗಂಟೆ, ಜೊತೆಗೆ ಏಳು ದಿನದ ಶಿಬಿರ. ಕಾಗದದ ಮೇಲೆ ಯಾವುದೂ ಕೆಟ್ಟದ್ದಲ್ಲ. ಲೆಕ್ಕವಿಟ್ಟರೆ ಕೆಲಸ ನಡೆಯುತ್ತದೆ ಎಂಬ ನಂಬಿಕೆಯೂ ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದು ಲೆಕ್ಕದ ಏಕಮಾನದಲ್ಲಿ. ಗಂಟೆಯನ್ನು ಎಣಿಸಿದರೆ ಹತ್ತು ಊರುಗಳಲ್ಲಿ ಹತ್ತು ಹತ್ತು ಗಂಟೆ ಕಳೆದವನೂ ಒಂದೇ ಊರಿನಲ್ಲಿ ನೂರು ಗಂಟೆ ಕಳೆದವಳೂ ಸರಿಸಮ. ನಿಜ ಹೇಳಬೇಕೆಂದರೆ ಹತ್ತು ಊರಿನವನ ರಿಪೋರ್ಟೇ ದಪ್ಪ, ಅವನ ಜಿಯೋಟ್ಯಾಗ್ ಫೋಟೋಗಳೇ ಹೆಚ್ಚು, ನ್ಯಾಕ್ ತಂಡದವರು ಬಂದಾಗ ಮೇಜಿನ ಮೇಲೆ ಇಡಲು ಯೋಗ್ಯವಾದದ್ದೂ ಅವನ ಫೈಲೇ. ರ‍್ಯಾಂಕ್ ಗಳಿಸಿ ಬಂದ ವಿದ್ಯಾರ್ಥಿಗೆ ಹನ್ನೆರಡು ವರ್ಷ ನಾವು ಕಲಿಸಿದ್ದು ಇದನ್ನೇ ಅಲ್ಲವೆ? ಯಾವುದಕ್ಕೆ ಅಂಕ ಬೀಳುತ್ತದೋ ಅದನ್ನು ಬೇಗ ಗುರುತಿಸಿ ಗಿಟ್ಟಿಸುವುದು. ಅವನು ಬುದ್ಧಿವಂತ, ಹಾಗಾಗಿಯೇ ಸೇವೆಯನ್ನೂ ಹಾಗೇ ಓದಿಕೊಳ್ಳುತ್ತಾನೆ. ಒಂದು ವಿಚಿತ್ರವೆಂದರೆ ಅದೇ ಒಂದು ಕ್ರೆಡಿಟ್‌ನ ಪಠ್ಯದಲ್ಲಿ ಸಸಿ ನೆಟ್ಟ ವಿದ್ಯಾರ್ಥಿಗಳ ಗುಂಪು ಅದನ್ನು ನಾಲ್ಕು ವರ್ಷ ದತ್ತು ತೆಗೆದುಕೊಳ್ಳಬೇಕು ಎಂಬ ಮಾತಿದೆ. ಇಡೀ ಪಠ್ಯದಲ್ಲಿ ನನಗೆ ಅತ್ಯಂತ ಪಕ್ವವೆನಿಸಿದ ವಿಚಾರ ಅದು. ಗಿಡಕ್ಕೆ ಕೊಟ್ಟ ನಾಲ್ಕು ವರ್ಷವನ್ನು ಊರಿಗೂ ಕೊಡಬಹುದೆಂದು ಯಾರಿಗೂ ಹೊಳೆದಂತಿಲ್ಲ.

ಖಾನಾಪುರ ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್. ಬಸ್ಸಿದೆ, ಲೋಂಡಾ ಕಡೆಯ ರೈಲಿದೆ. ಹತ್ತಿರವಿರುವುದರಿಂದಲೇ ನಗರದ ಕಾಲೇಜುಗಳ ಕಣ್ಣು ಮೊದಲು ಬೀಳುವುದು ಅಲ್ಲಿಗೆ. ಶಿಬಿರಗಳು ಸಾಮಾನ್ಯವಾಗಿ ನಡೆಯುವುದು ಚಳಿಗಾಲ ಮುಗಿದು ಬಿಸಿಲು ಏರುವ ಮುಂಚೆ. ಪರೀಕ್ಷೆಯ ಕಾಟವಿಲ್ಲ, ರಸ್ತೆ ಒಣಗಿರುತ್ತದೆ, ಶಾಲೆಯ ಕೋಣೆಯಲ್ಲಿ ಮಲಗಬಹುದು. ಆದರೆ ಕಣಕುಂಬಿ, ಜಾಂಬೋಟಿ, ಭೀಮಗಡದ ಕಡೆಯ ಊರುಗಳ ಕಷ್ಟ ಶುರುವಾಗುವುದೇ ಜೂನ್‌ನಲ್ಲಿ. ಮಲಪ್ರಭೆ ಹುಟ್ಟುವ ಸೀಮೆ ಅದು, ಮಳೆ ಹಿಡಿಯಿತೆಂದರೆ ಹಳ್ಳಗಳು ದಾರಿಯನ್ನು ನುಂಗುತ್ತವೆ. 2024ರ ಜುಲೈನಲ್ಲಿ ಆಮಗಾವದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆಯಲ್ಲಿ ಕಟ್ಟಿದ ಸ್ಟ್ರೆಚರ್ ಮೇಲೆ ಕಾಡುದಾರಿಯಲ್ಲಿ ಹೊತ್ತು ತಂದದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಫೆಬ್ರವರಿಯಲ್ಲಿ ಅಂಥ ಊರಿಗೆ ಹೋಗಿ ಚರಂಡಿ ಸ್ವಚ್ಛಮಾಡಿ, ಗೋಡೆಯ ಮೇಲೆ ಘೋಷವಾಕ್ಯ ಬರೆದು, ಕೊನೆಯ ದಿನ ಸಾಂಸ್ಕೃತಿಕ ಕಾರ್ಯಕ್ರಮ ಮಾಡಿ ಬಂದವರು ನೋಡಿದ್ದು ಬೇರೆಯದೇ ಊರನ್ನು. ಅಲ್ಲಿಗೆ ಡಾಂಬರು ರಸ್ತೆ ಯಾಕಿಲ್ಲ ಎಂದು ಕೇಳಿದರೆ ಪ್ರಶ್ನೆ ಅರಣ್ಯ ಇಲಾಖೆಗೆ ಹೋಗುತ್ತದೆ. ಭೀಮಗಡ 2011ರಿಂದ ಅಭಯಾರಣ್ಯ. ಒಳಗಿನ ಊರುಗಳು ಹೊರಗೆ ಬರಬೇಕೋ, ಇದ್ದಲ್ಲೇ ಸೌಕರ್ಯ ಪಡೆಯಬೇಕೋ ಎಂಬುದರಲ್ಲಿ ಊರವರಲ್ಲೇ ಒಮ್ಮತವಿಲ್ಲ. ತಳೇವಾಡಿಯ ಕುಟುಂಬಗಳಿಗೆ 2025ರಲ್ಲಿ ಸ್ಥಳಾಂತರದ ಪರಿಹಾರದ ಚೆಕ್ ಕೊಡುವುದು ಶುರುವಾಯಿತು, ಸುತ್ತಲಿನ ಊರುಗಳಲ್ಲಿ ಚರ್ಚೆ ನಿಂತಿಲ್ಲ. ಇದರ ಮೇಲೆ ಭಾಷೆ. ತಾಲ್ಲೂಕಿನ ಪೂರ್ವಕ್ಕೆ ಇಟಗಿಯ ಕಡೆ ಕನ್ನಡ, ಪಶ್ಚಿಮದ ಕಾಡಂಚಿನಲ್ಲಿ ಮರಾಠಿ, ಗವಳಿ ವಸ್ತಿಗಳಲ್ಲಿ ಅವರದೇ ಆದ ಮಾತು. ಗೋಡೆಯ ಘೋಷವಾಕ್ಯವನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂಬುದೇ ಈ ಸೀಮೆಯಲ್ಲಿ ರಾಜಕೀಯವಾದೀತು. ಇಷ್ಟೆಲ್ಲ ಏಳು ದಿನದಲ್ಲಿ ತಿಳಿಯುವುದಿಲ್ಲ. ತಿಳಿಯದವರು ಮುಂದಾಳಾಗುವುದು ಹೇಗೆ?

ತಿಳಿದವರು ಅಲ್ಲಿ ಇಲ್ಲವೆಂದಲ್ಲ. ಇದೇ ತಾಲ್ಲೂಕಿನಲ್ಲಿ ಜಾಗೃತಿ ಮಹಿಳಾ ಒಕ್ಕೂಟದ ಹೆಣ್ಣುಮಕ್ಕಳು ಧಾರವಾಡದ ಶಾರದಾ ಗೋಪಾಲರಂಥವರ ಒಡನಾಟದಲ್ಲಿ ಉದ್ಯೋಗ ಖಾತ್ರಿಯ ಕೆಲಸ ಕೇಳಿ ಪಡೆಯುವುದನ್ನು ಕಲಿತರು. 2005ರ ಆ ಕಾನೂನಿನಲ್ಲಿ ನಮೂನೆ ಆರರಲ್ಲಿ ಅರ್ಜಿ ಕೊಟ್ಟರೆ ಪಂಚಾಯಿತಿ 15 ದಿನದೊಳಗೆ ಕೆಲಸ ಕೊಡಬೇಕಿತ್ತು, ಇಲ್ಲವಾದರೆ ನಿರುದ್ಯೋಗ ಭತ್ಯೆ. ಆದರೆ ಆ 15 ದಿನ ಎಣಿಸಲು ತಾರೀಖು ಹಾಕಿದ ಸ್ವೀಕೃತಿ ಬೇಕಿತ್ತು, ಸ್ವೀಕೃತಿ ಕೊಡಲು ಪಂಚಾಯಿತಿ ಕಚೇರಿಗಳು ಸುಲಭವಾಗಿ ಒಪ್ಪುತ್ತಿರಲಿಲ್ಲ. ಸ್ವೀಕೃತಿ ಸಿಗುವವರೆಗೆ ಕಚೇರಿಯ ಕಟ್ಟೆಯಿಂದ ಏಳದೆ ಕೂರುವುದು, ಕೂಲಿ ಖಾತೆಗೆ ಬರದಿದ್ದರೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗುವುದು, ಮರುವಾರ ಮತ್ತೆ ಹೋಗುವುದು: ಆಡಳಿತವೆಂದರೇನು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ತರಗತಿ ಬೆಳಗಾವಿಯ ಯಾವ ಕ್ಯಾಂಪಸ್ಸಿನಲ್ಲೂ ಇಲ್ಲ. ಎಂಜಿನಿಯರಿಂಗ್ ಓದುವ ಹುಡುಗಿ ಇಂಥ ಗುಂಪಿನ ಜೊತೆ ವರ್ಷವಿಡೀ ಅರ್ಜಿಗಳ ಪಟ್ಟಿ ಇಡುವ ಕೆಲಸ ಮಾಡಿದರೆ ಅವಳ ಬಯೋಡೇಟಾದಲ್ಲಿ ಅದನ್ನು ಏನೆಂದು ಬರೆಯುವುದು? ಗುಮಾಸ್ತಿಕೆ ಎಂದೇ ಬರೆಯಬೇಕು. ಆ ಗುಮಾಸ್ತಿಕೆ ನಮ್ಮ ಕಾಲೇಜುಗಳಿಗೆ ಬೇಡವಾಗಿದೆ, ಅವುಗಳಿಗೆ ಬೇಕಿರುವುದು ಸಂಯೋಜಕರು, ಅಧ್ಯಕ್ಷರು, ಸಂಸ್ಥಾಪಕರು. ಪ್ರತಿ ವರ್ಷ ಹೊಸ ಕ್ಲಬ್ ಹುಟ್ಟುತ್ತದೆ, ಸಂಸ್ಥಾಪಕರು ಪಾಸಾಗಿ ಹೋದ ಮೇಲೆ ಅದು ಮುಚ್ಚುತ್ತದೆ.

ಬೆಳಗಾವಿಗೆ ಇದಕ್ಕೆ ವಿರುದ್ಧವಾದ ಪರಂಪರೆಯೊಂದಿದೆ, ಅದನ್ನು ನಾವು ಶತಮಾನೋತ್ಸವದ ಭಾಷಣಗಳಲ್ಲಿ ಮಾತ್ರ ನೆನೆಯುತ್ತೇವೆ. 1916ರ ನವೆಂಬರಿನಲ್ಲಿ ಕೆಎಲ್‌ಇ ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯಲ್ಲಿ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆಯವರಂಥ ವಿದ್ವಾಂಸರಿದ್ದರು. ಅಂದಿನ ಲೆಕ್ಕದಲ್ಲಿ ಅವರೇ ರ‍್ಯಾಂಕ್ ವಿದ್ಯಾರ್ಥಿಗಳು. ಸರ್ಕಾರಿ ಹುದ್ದೆಯ ದಾರಿ ತೆರೆದಿದ್ದ ಕಾಲದಲ್ಲಿ ಅವರು ಹಿಡಿದದ್ದು ಒಂದು ಶಾಲೆಯನ್ನು, ಮಾಡಿದ್ದು ಅಲ್ಲಿ ಪಾಠ ಹೇಳುವ ಕೆಲಸವನ್ನು. ಜನ ಅವರನ್ನು ಸಪ್ತರ್ಷಿಗಳೆಂದದ್ದು ಆಮೇಲೆ. ಕೆಎಲ್‌ಇ ಒಂದು ಸಮುದಾಯದ ಸಂಸ್ಥೆಯಾಗಿ ಹುಟ್ಟಿತು ಎಂಬ ಮಿತಿಯನ್ನು ಮರೆಯಬೇಕಿಲ್ಲ, ಆದರೆ ಒಂದೇ ಕಡೆ ಬೇರುಬಿಟ್ಟು ಕೂತದ್ದರ ಫಲ ಎದುರಿಗೇ ಇದೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಇಲ್ಲೇ ನಡೆಯಿತು, ಅದರ ಸ್ವಯಂಸೇವಕರ ದಳವನ್ನು ಸಜ್ಜುಗೊಳಿಸಿದವರು ಡಾ. ನಾ. ಸು. ಹರ್ಡೀಕರ. ಅಮೆರಿಕದಲ್ಲಿ ಓದಿ ಬಂದ ಆ ವೈದ್ಯರು ತರುಣರಿಗೆ ಕಲಿಸಿದ್ದು ಶಿಸ್ತಿನಿಂದ ಸಾಲಿನಲ್ಲಿ ನಿಲ್ಲುವುದನ್ನು. ಪಾಯಿಖಾನೆ ಶುಚಿಮಾಡುವ ಕೆಲಸವೂ ಸ್ವಯಂಸೇವಕರ ಪಾಲಿಗೇ ಬಂದಿತ್ತು. ಅಲ್ಲಿ ಯಾರಿಗೂ ಸಂಸ್ಥಾಪಕರೆಂಬ ಬಿಲ್ಲೆ ಸಿಗಲಿಲ್ಲ.

ನನ್ನ ತಕರಾರಿಗೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತಿದೆ: ಪಾಯಿಂಟ್ ತೆಗೆದರೆ ಯಾರೂ ಹೋಗುವುದಿಲ್ಲ. ನಾನು ತೆಗೆಯಿರಿ ಎನ್ನುತ್ತಿಲ್ಲ. ಮೊದಲ ಸಲ ಬಸ್ ಹತ್ತಿಸಲು ಪಾಯಿಂಟ್ ಬೇಕು, ಮತ್ತು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗನಿಗೆ ಒಂದು ಸರ್ಟಿಫಿಕೇಟು ನೌಕರಿಯ ಬಾಗಿಲು ತೆರೆಸಬಹುದು, ಅದನ್ನು ಹಗುರವಾಗಿ ನೋಡುವ ಹಕ್ಕು ನನಗಿಲ್ಲ. ಏಕಮಾನ ಬದಲಿಸಿ ಎನ್ನುತ್ತೇನೆ ಅಷ್ಟೆ. ಒಂದೇ ಊರಿಗೆ ಎರಡನೆಯ ವರ್ಷವೂ ಹೋದವರಿಗೆ ಹೆಚ್ಚು ಪಾಯಿಂಟ್ ಕೊಡಿ, ಹಿಂದಿನ ತಂಡ ಬಿಟ್ಟ ಕೆಲಸವನ್ನು ಮುಂದುವರಿಸಿದವರಿಗೆ ಹೊಸದು ಶುರುಮಾಡಿದವರಿಗಿಂತ ಹೆಚ್ಚು ಕೊಡಿ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ರಸ್ತೆ, ಆಸ್ಪತ್ರೆ, ಕೂಲಿ ಸರ್ಕಾರದ ಹೊಣೆ, ಮಕ್ಕಳನ್ನು ಅಲ್ಲಿಗೆ ಕಳಿಸಿ ನಾವು ಸರ್ಕಾರದ ಹೊರೆ ಇಳಿಸುತ್ತಿದ್ದೇವೆ. ಗೋಡೆಗೆ ಬಣ್ಣ ಬಳಿಯುವ ಸೇವೆಗೆ ಈ ಮಾತು ಪೂರ್ತಿ ಅನ್ವಯಿಸುತ್ತದೆ. ಅರ್ಜಿಯ ತಾರೀಖು ಎಣಿಸುವ ಸೇವೆಗೆ ಅನ್ವಯಿಸುವುದಿಲ್ಲ, ಏಕೆಂದರೆ ಅದು ಸರ್ಕಾರದ ಹೊಣೆಯನ್ನು ಸರ್ಕಾರದ ಮೇಜಿನ ಮೇಲೇ ತಂದಿಡುತ್ತದೆ. ಮೂರನೆಯದು ತುಂಬ ದೂರದಿಂದ ಬಂದದ್ದು. 1968ರಲ್ಲಿ ಮೆಕ್ಸಿಕೊದ ಕುಯೆರ್ನವಾಕಾದಲ್ಲಿ ಚಿಂತಕ ಇವಾನ್ ಇಲಿಚ್, ಸೇವೆಗೆಂದು ಬಂದ ಅಮೆರಿಕದ ವಿದ್ಯಾರ್ಥಿಗಳ ಮುಖಕ್ಕೇ ಹೇಳಿದ: ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ. ಅವನ ಮಾತಿನ ಅರ್ಧವನ್ನು ನಾನು ಒಪ್ಪುತ್ತೇನೆ. ಉಳಿದರ್ಧ ಖಾನಾಪುರಕ್ಕೆ ಹೊಂದುವುದಿಲ್ಲ. ಅಮೆರಿಕದ ವಿದ್ಯಾರ್ಥಿ ಬೇಸಿಗೆ ಮುಗಿದ ಮೇಲೆ ಮೆಕ್ಸಿಕೊಗೆ ಮರಳಬೇಕಿರಲಿಲ್ಲ. ಬೆಳಗಾವಿಯ ವೈದ್ಯಕೀಯ ವಿದ್ಯಾರ್ಥಿ ನಾಳೆ ಇದೇ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂರಬಹುದು, ಎಂಜಿನಿಯರ್ ಇದೇ ರಸ್ತೆಯ ಎಸ್ಟಿಮೇಟ್ ಬರೆಯಬಹುದು, ಬಿಎ ಓದುವವಳು ಪಿಡಿಒ ಆಗಿ ಇದೇ ಸ್ವೀಕೃತಿಗೆ ಸಹಿ ಹಾಕಬೇಕಾಗಬಹುದು. ಅವರು ದೂರ ಉಳಿದು ನಿರ್ದೋಷಿಗಳಾಗಿರಲು ಸಾಧ್ಯವಿಲ್ಲ.

ಹಾಗಾದರೆ ಯಾರ ಹಿಂದೆ ಹೋಗಬೇಕು ಎಂದು ಕೇಳುವವರಿಗೆ ಉತ್ತರ ತರಗತಿಯ ಕೊನೆಯ ಬೆಂಚಿನಲ್ಲೇ ಇದೆ. ಖಾನಾಪುರ, ನಂದಗಡ, ಲೋಂಡಾ ಕಡೆಯಿಂದ ದಿನಾ ಬಸ್ಸು ರೈಲು ಹಿಡಿದು ಬೆಳಗಾವಿಗೆ ಬಂದು ಓದುವ ಮಕ್ಕಳಿಗೆ ಮನೆಯಲ್ಲೊಂದು, ಶಾಲೆಯಲ್ಲೊಂದು, ಪೇಟೆಯಲ್ಲೊಂದು ಭಾಷೆ. ಯಾವ ಹಳ್ಳ ಯಾವ ತಿಂಗಳು ಏರುತ್ತದೆ, ಯಾವ ದಿನ ತಲಾಠಿ ಸಿಗುತ್ತಾನೆ ಎಂಬುದು ಅವರಿಗೆ ಬಾಯಿಪಾಠ. ಆದರೆ ಸೇವಾ ಘಟಕದ ಪದಾಧಿಕಾರಿಗಳ ಪಟ್ಟಿಯಲ್ಲಿ ಅವರ ಹೆಸರು ಅಪರೂಪ. ಅವರಿಗೆ ಇಂಗ್ಲಿಷ್ ಭಾಷಣ ಸರಾಗವಲ್ಲ, ಅದಕ್ಕಿಂತ ಮುಖ್ಯವಾಗಿ ಸಂಜೆ ಐದರ ಮೇಲೆ ಕರೆದ ಯಾವ ಸಭೆಗೂ ಅವರು ಉಳಿಯಲಾರರು. ಊರ ಬಸ್ಸು ತಪ್ಪಿದರೆ ಮುಂದಿನದು ಯಾವಾಗಲೋ. ಹಾಸ್ಟೆಲಿನಲ್ಲಿರುವ, ನಗರದ ಟಿಳಕವಾಡಿಯಲ್ಲಿ ಮನೆಯಿರುವ ಮಕ್ಕಳೇ ಅಧ್ಯಕ್ಷರಾಗುತ್ತಾರೆ, ಬಸ್ಸಿನ ಮಕ್ಕಳು ಶಿಬಿರದಲ್ಲಿ ದುಭಾಷಿಗಳಾಗುತ್ತಾರೆ. ಇದನ್ನು ಸರಿಪಡಿಸಲು ವಿಶ್ವವಿದ್ಯಾಲಯದ ಸುತ್ತೋಲೆ ಬೇಕಿಲ್ಲ, ಕಾರ್ಯಕ್ರಮಾಧಿಕಾರಿಯ ಅಧಿಕಾರ ಸಾಕು: ಸಭೆಯನ್ನು ಮಧ್ಯಾಹ್ನದ ಊಟದ ಬಿಡುವಿಗೆ ತನ್ನಿ, ತಾಲ್ಲೂಕಿನ ವಿದ್ಯಾರ್ಥಿ ಸೂಚಿಸಿದ ಊರನ್ನೇ ಆರಿಸಿ, ರ‍್ಯಾಂಕ್ ತೆಗೆದವರನ್ನು ಮೊದಲ ವರ್ಷ ಆ ವಿದ್ಯಾರ್ಥಿಯ ಕೈಕೆಳಗೆ ಹಾಕಿ, ಒಂದು ಭೇಟಿಯನ್ನಾದರೂ ಆಗಸ್ಟ್ ಮುಗಿಯುವುದರೊಳಗೆ ಇಟ್ಟುಕೊಳ್ಳಿ. ಕೊಡೆ ಅವರವರೇ ತರಲಿ.