ಮೊದಲು ಮೋಲ್, ಆಮೇಲೆ ತೂಕ

ಮೊದಲ ಪಿಯುಸಿಗೆ ವಿಜ್ಞಾನ ತೆಗೆದುಕೊಂಡ ಮಗುವಿಗೆ ಆಶೀರ್ವಾದಗಳು.

ರಸಾಯನಶಾಸ್ತ್ರದ ಮೊದಲ ಪಾಠದಲ್ಲೇ ಮೋಲ್ ಎದುರಾಗುತ್ತದೆ, ಎಷ್ಟೋ ಮಕ್ಕಳು ಅಲ್ಲೇ ಕೈಚೆಲ್ಲುತ್ತಾರೆ. ಉಳಿದವರು ಸೂತ್ರ ಉರು ಹೊಡೆಯುತ್ತಾರೆ. ಸೂತ್ರ ಬೇಡ ಅನ್ನುತ್ತಿಲ್ಲ. ಆದರೆ ಸಮೀಕರಣದಲ್ಲಿರುವ ಅಂಕಿಗಳು ಎಣಿಕೆಯವು, ತೂಕದವಲ್ಲ. ಇದು ಮೊದಲು ತಲೆಗಿಳಿಯಬೇಕು. ಒಂದೇ ಬಗೆಯ ನಾಣ್ಯಗಳ ಚೀಲವಿದ್ದರೆ, ಒಂದರ ತೂಕ ತಿಳಿದವನು ಇಡೀ ಚೀಲ ತೂಗಿಯೇ ಎಷ್ಟಿವೆ ಅಂತ ಹೇಳುತ್ತಾನಲ್ಲ, ಮೋಲ್, ಅಂದರೆ ಕಣಗಳ ಒಂದು ನಿಗದಿತ ಎಣಿಕೆ, ಮಾಡುವ ಕೆಲಸವೂ ಅದೇ.

ಭದ್ರಾವತಿಯನ್ನೇ ತಗೋ. 1923ರಲ್ಲಿ ಅಲ್ಲಿ ಕಬ್ಬಿಣ ತೆಗೆಯತೊಡಗಿದರು. ಅದಿರು ಕೆಮ್ಮಣ್ಣುಗುಂಡಿಯದು, ಕಲ್ಲಿದ್ದಲು ಹತ್ತಿರದಲ್ಲಿಲ್ಲ, ಹಾಗಾಗಿ ಮಲೆನಾಡಿನ ಮರ ಸುಟ್ಟ ಇದ್ದಿಲು. ಊದುಕುಲುಮೆಯೊಳಗೆ ಒಂದು ಮೋಲ್ ಫೆರಿಕ್ ಆಕ್ಸೈಡು ಮೂರು ಮೋಲ್ ಕಾರ್ಬನ್ ಮಾನಾಕ್ಸೈಡಿನೊಡನೆ ಸೇರಿ ಎರಡು ಮೋಲ್ ಕಬ್ಬಿಣ, ಮೂರು ಮೋಲ್ ಕಾರ್ಬನ್ ಡೈಆಕ್ಸೈಡ್ ಕೊಡುತ್ತದೆ.

800 ಕೆ.ಜಿ. ಆಕ್ಸೈಡು ಹಾಕಿದೆವು ಅನ್ನು. ಅದರ ಒಂದು ಮೋಲ್ ಎಂದರೆ 160 ಗ್ರಾಂ: ಕಬ್ಬಿಣದ 56 ಎರಡು ಸಲ, ಆಕ್ಸಿಜನ್ನಿನ 16 ಮೂರು ಸಲ. ಅಲ್ಲಿಗೆ 5,000 ಮೋಲ್. ಕಬ್ಬಿಣ ಅದರ ಎರಡರಷ್ಟು, 10,000 ಮೋಲ್. 56 ಗ್ರಾಮಿನಿಂದ ಗುಣಿಸಿದರೆ 560 ಕೆ.ಜಿ. ಆ 'ಎರಡರಷ್ಟು' ಮರೆತವರು 280 ಬರೆದು ಬರುತ್ತಾರೆ. ಮೌಲ್ಯಮಾಪನದಲ್ಲಿ ನಾನು ಅತಿ ಹೆಚ್ಚು ಕೆಂಪು ಶಾಯಿ ಸುರಿದದ್ದು ಈ ಜಾಗದಲ್ಲೇ.

ಇನ್ನು ಮಾನಾಕ್ಸೈಡ್ 15,000 ಮೋಲ್, ಅಂದರೆ 420 ಕೆ.ಜಿ. ಅದು ಇದ್ದಿಲಿನಿಂದಲೇ ಹುಟ್ಟಬೇಕು. ಅಷ್ಟಕ್ಕೆ ಇಂಗಾಲ 180 ಕೆ.ಜಿ. ಕುಲುಮೆ ಕಾಯಿಸುವ ಇದ್ದಿಲಿನ ಲೆಕ್ಕ ಬೇರೆ. ಕಾಡಿನ ಮೇಲೆ ಬಿದ್ದ ಹೊರೆ ಎಷ್ಟಿರಬಹುದೆಂದು ನೀನೇ ಅಂದಾಜು ಮಾಡು. ಪಠ್ಯಪುಸ್ತಕಗಳು ಇಂಥ ಲೆಕ್ಕ ಕೊಡುವುದಿಲ್ಲ, ಅದೇ ನನ್ನ ತಕರಾರು.

ಉತ್ತರ ಸರಿಯೇ ಅಂತ ಯಾರನ್ನೂ ಕೇಳಬೇಕಿಲ್ಲ. ಹೊರಬಂದ ಡೈಆಕ್ಸೈಡ್ 660 ಕೆ.ಜಿ. ಹಾಕಿದ್ದು 800ಕ್ಕೆ 420, ಸಿಕ್ಕಿದ್ದು 560ಕ್ಕೆ 660. ಎರಡೂ ಕಡೆ 1,220. ಮೋಲ್‌ಗಳನ್ನು ಮಾತ್ರ ಹೀಗೆ ಕೂಡಿ ನೋಡಬೇಡ. ಅವು ಎರಡೂ ಕಡೆ ಸಮ ಬರಬೇಕೆಂದಿಲ್ಲ: ಇಲ್ಲಿ ಹಾಕಿದ್ದು 20,000, ಸಿಕ್ಕಿದ್ದು 25,000.

ಇನ್ನೊಂದು ಮಾತು. ಅದಿರೆಂದರೆ ಬರೀ ಆಕ್ಸೈಡಲ್ಲ, ಮಣ್ಣುಮಸಿಯೂ ಇರುತ್ತದೆ. ಅದಿರಿನಲ್ಲಿ ಶೇಕಡಾ 80 ಮಾತ್ರ ಆಕ್ಸೈಡು ಅಂತ ಪ್ರಶ್ನೆ ಹೇಳಿದರೆ 800ರ ಬದಲು 640ರಿಂದ ಶುರು ಮಾಡು. ಆಗ ಕಬ್ಬಿಣ 448 ಕೆ.ಜಿ.

ಇಂತಿ,
ನಿನ್ನ ಹಳೆಯ ಮೇಷ್ಟ್ರು