ಸಾಕುನಾಯಿಗಳ ಹೊಟ್ಟೆಯ ಹುಳುಗಳು: ಚಿಕಿತ್ಸೆಯೂ ನಿವಾರಣೋಪಾಯವೂ

(ಮಾಡದಕೆರೆ ಹೋಬಳಿಯ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ)

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯು ಮಳೆ ಕಡಮೆಯಾದ ಸೀಮೆ. ಇಲ್ಲಿನ ಬೇಸಾಯಕ್ಕೆ ಕುರಿಸಾಕಣೆಯು ದೊಡ್ಡ ಆಸರೆ. ಮನೆಗೂ ಕಣಕ್ಕೂ ಕುರಿಹಟ್ಟಿಗೂ ನಾಯಿಯೇ ಕಾವಲು. ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆ ನಿಲ್ಲಿಸಿದಾಗ ಇರುಳೆಲ್ಲ ಎಚ್ಚರವಾಗಿರುವುದೂ ಅದೇ. ಇಷ್ಟು ಉಪಕಾರಿಯಾದ ಪ್ರಾಣಿಯ ಹೊಟ್ಟೆಯಲ್ಲಿ ಬೆಳೆಯುವ ಹುಳುಗಳು ನಾಯಿಯನ್ನು ಬಡಕಲು ಮಾಡುವುದಲ್ಲದೆ, ಕುರಿಯ ಮಿದುಳಿಗೂ ಮನುಷ್ಯರ ಈಲಿ, ಶ್ವಾಸಕೋಶಗಳಿಗೂ ಕೇಡು ತರುತ್ತವೆ. ಈ ಹುಳುಗಳಲ್ಲಿ ಅತ್ಯಂತ ಅಪಾಯಕರವಾದವುಗಳನ್ನು ನಾಯಿಗೆ ಉಣಿಸುವವರು ನಾವೇ ಎಂಬುದನ್ನು ರೈತರು ಮೊದಲು ತಿಳಿಯತಕ್ಕದ್ದು.

ಹುಳುಗಳ ಬಗೆಗಳು

(೧) ದುಂಡುಹುಳು.— ಬೆಳ್ಳಗೆ, ದುಂಡಗೆ, ೧೦ರಿಂದ ೧೮ ಸೆಂಟಿಮೀಟರ್ ಉದ್ದವಾಗಿರುತ್ತದೆ. ತಾಯಿಯ ಮೈಯಲ್ಲಿ ಅಡಗಿದ್ದ ಮರಿಹುಳುಗಳು ಗರ್ಭದಲ್ಲಿಯೇ ನಾಯಿಮರಿಗಳನ್ನು ಸೇರುತ್ತವೆ. ಆದಕಾರಣ ಈಗ ಹುಟ್ಟಿದ ಮರಿಗೆ ಹುಳು ಎಲ್ಲಿಂದ ಬಂದೀತೆಂದು ಉದಾಸೀನ ಮಾಡಕೂಡದು. ಹುಳು ಹೆಚ್ಚಿದ ಮರಿಯ ಹೊಟ್ಟೆ ಡೋಲಿನಂತೆ ಉಬ್ಬುತ್ತದೆ, ಕೂದಲು ಕಳೆಗುಂದುತ್ತದೆ, ವಾಂತಿಯಲ್ಲಿಯೂ ಮಲದಲ್ಲಿಯೂ ಹುಳುಗಳು ಬೀಳುವುದುಂಟು. ಮಣ್ಣಿನಲ್ಲಿರುವ ಇದರ ಮೊಟ್ಟೆಗಳು ಮಕ್ಕಳ ಬಾಯಿಗೆ ಹೋದರೆ ಮರಿಹುಳುಗಳು ಈಲಿಯಲ್ಲಿ ಸಂಚರಿಸುತ್ತವೆ. ಕಣ್ಣನ್ನು ಸೇರಿದರೆ ದೃಷ್ಟಿಗೂ ಹಾನಿ.

(೨) ಕೊಕ್ಕೆಹುಳು.— ಒಂದೆರಡು ಸೆಂಟಿಮೀಟರ್ ಉದ್ದದ ಈ ಹುಳು ಕರುಳನ್ನು ಕಚ್ಚಿ ರಕ್ತ ಹೀರುತ್ತದೆ. ಇದು ತಾಯಿಯ ಹಾಲಿನಿಂದಲೂ, ತೇವದ ನೆಲದಿಂದ ಚರ್ಮವನ್ನು ತೂರಿಯೂ ಮರಿಗಳನ್ನು ಸೇರುತ್ತದೆ. ವಸಡು ಬಿಳಿಚುವುದೂ ಮಲವು ಟಾರಿನಂತೆ ಕಪ್ಪಾಗುವುದೂ ಇದರ ಗುರುತು. ಇಂಥ ಎಳೆಮರಿಗಳು ತಡಮಾಡಿದರೆ ಉಳಿಯುವುದು ಕಷ್ಟ.

(೩) ಲಾಡಿಹುಳು.— ಇದರಲ್ಲಿ ಹಲವು ಜಾತಿಗಳುಂಟು. ಒಂದು ಜಾತಿಯು ಚಿಗಟದ ಮೂಲಕ ಬರುತ್ತದೆ. ನಾಯಿಯು ಮೈ ಕಚ್ಚಿಕೊಳ್ಳುವಾಗ ಚಿಗಟವನ್ನು ನುಂಗಿ ಹುಳುವನ್ನು ಪಡೆಯುತ್ತದೆ. ಗುದದ ಸುತ್ತ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಇದೇ ಎಂದು ತಿಳಿಯಬಹುದು. ಉಳಿದ ಜಾತಿಗಳಲ್ಲಿ ಎರಡು ಕುರಿಗೂ ನಾಯಿಗೂ ನಡುವೆ ಸುತ್ತುತ್ತಿರುವುವು. ಅವುಗಳ ವಿಷಯವನ್ನು ವಿಸ್ತಾರವಾಗಿ ಹೇಳುವುದು ಅವಶ್ಯ.

ಕುರಿಯಿಂದ ನಾಯಿಗೆ, ನಾಯಿಯಿಂದ ಕುರಿಗೆ

ಮಂದೆಯಲ್ಲಿ ಎಳೆಯ ಕುರಿಯೊಂದು ತಲೆ ವಾಲಿಸಿಕೊಂಡು ಒಂದೇ ಕಡೆಗೆ ಸುತ್ತುವುದು, ಮಂದೆಯನ್ನು ಬಿಟ್ಟು ಒಂಟಿಯಾಗಿ ನಿಲ್ಲುವುದು, ಕಣ್ಣು ಕಾಣದೆ ಬೇಲಿಗೆ ಹಾಯುವುದು, ಇವನ್ನು ಕುರಿಗಾರರು ಕಂಡಿರಬಹುದು. ಇದು ಗಾಳಿಯ ಸೋಂಕೂ ಅಲ್ಲ, ಮೇವಿನ ನಂಜೂ ಅಲ್ಲ. ನಾಯಿಯ ಮಲದಲ್ಲಿ ಬಿದ್ದ ಲಾಡಿಹುಳುವಿನ ಮೊಟ್ಟೆಯನ್ನು ಹುಲ್ಲಿನೊಡನೆ ತಿಂದ ಕುರಿಯ ಮಿದುಳಿನಲ್ಲಿ ನೀರುಗುಳ್ಳೆ ಬೆಳೆದು ಹೀಗಾಗುತ್ತದೆ. ಕುರಿ ಕೈಬಿಡುವುದೆಂದು ಅದನ್ನು ಕೊಯ್ದು ತಲೆಯನ್ನು ನಾಯಿಗೆ ಎಸೆದರೆ, ಗುಳ್ಳೆಯೊಳಗಿನ ಹುಳುವಿನ ತಲೆಗಳು ನಾಯಿಯ ಕರುಳಿನಲ್ಲಿ ನೆಲೆಸಿ ಸುಮಾರು ಆರು ವಾರಗಳಲ್ಲಿ ಮತ್ತೆ ಮೊಟ್ಟೆಗಳನ್ನು ಹೊರಹಾಕತೊಡಗುತ್ತವೆ. ಒಂದು ಕುರಿ ಹೋಯಿತೆಂದು ಭಾವಿಸಿದವನು ಮುಂದಿನ ವರ್ಷದ ಮರಿಗಳಿಗೂ ರೋಗವನ್ನು ಬಿತ್ತಿದಂತಾಯಿತು.

ಎರಡನೆಯದು ಇದಕ್ಕಿಂತ ಘೋರವಾದುದು. ಈ ಹುಳು ಏಳು ಮಿಲಿಮೀಟರನ್ನು ಮೀರುವುದಿಲ್ಲ. ಒಂದೇ ನಾಯಿಯಲ್ಲಿ ಸಾವಿರಾರು ಇದ್ದರೂ ನಾಯಿಯು ಆರೋಗ್ಯವಾಗಿಯೇ ಕಾಣುವುದುಂಟು. ಇದರ ಮೊಟ್ಟೆಗಳು ಕುರಿ, ಮೇಕೆ, ದನಗಳ ಈಲಿ, ಶ್ವಾಸಕೋಶಗಳಲ್ಲಿ ನೀರುಗುಳ್ಳೆಗಳಾಗುತ್ತವೆ. ನಾಯಿಯನ್ನು ಸವರಿದ ಕೈಯಿಂದಲೋ ತೊಳೆಯದ ಸೊಪ್ಪಿನಿಂದಲೋ ಮೊಟ್ಟೆಯು ಮನುಷ್ಯನ ಹೊಟ್ಟೆಗೆ ಹೋದರೆ ಅವನಲ್ಲಿಯೂ ಅದೇ ಗುಳ್ಳೆ ವರ್ಷಗಟ್ಟಲೆ ನೋವಿಲ್ಲದೆ ಬೆಳೆಯುತ್ತದೆ; ತಿಳಿದುಬರುವ ಹೊತ್ತಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಚಿಕಿತ್ಸೆ

ಹಿಂದೆ ನಾಯಿಯ ಲಾಡಿಹುಳುವಿಗೆ ಅಡಕೆಯ ಪುಡಿಯನ್ನು ಕೊಡುತ್ತಿದ್ದರು. ಅಡಕೆಯಲ್ಲಿರುವ ಅರೆಕೊಲಿನ್ ಎಂಬ ಸಾರವನ್ನು ವಿದೇಶಗಳ ಪಶುವೈದ್ಯರೂ ಬಹುಕಾಲ ಬಳಸಿದರು. ಅದು ಭೇದಿಮಾಡಿಸಿ ಹುಳುವನ್ನು ಹೊರತಳ್ಳುವ ಔಷಧ. ಮರಿಗಳಿಗೂ ನಿಶ್ಶಕ್ತ ನಾಯಿಗಳಿಗೂ ಅಪಾಯಕರ. ಈಗ ಅದರ ಅಗತ್ಯವಿಲ್ಲ.

ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಉತ್ತಮವಾದ ಔಷಧ. ಪ್ರಮಾಣವು ನಾಯಿಯ ತೂಕದ ಒಂದು ಕಿಲೋಗ್ರಾಮಿಗೆ ೫ ಮಿಲಿಗ್ರಾಂ. ದುಂಡುಹುಳು, ಕೊಕ್ಕೆಹುಳುಗಳಿಗೆ ಪೈರಾಂಟೆಲ್ ಅಥವಾ ಫೆನ್‌ಬೆಂಡಜೋಲ್ ಕೊಡತಕ್ಕದ್ದು. ಇವೆರಡು ಬಗೆಯ ಔಷಧಗಳೂ ಕೂಡಿದ ಗುಳಿಗೆಗಳು ದೊರೆಯುತ್ತವೆ. ಸಾಮಾನ್ಯವಾಗಿ ಹತ್ತು ಕಿಲೋ ತೂಕಕ್ಕೆ ಒಂದು ಗುಳಿಗೆ. ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಬಳಿಕ ತನ್ನ ತೂಕವನ್ನು ಕಳೆದರೆ ನಾಯಿಯ ತೂಕ ತಿಳಿಯುತ್ತದೆ. ಗುಳಿಗೆಯನ್ನು ಮುದ್ದೆಯ ತುತ್ತಿನಲ್ಲಿಟ್ಟು ನುಂಗಿಸಬಹುದು. ಉಪವಾಸ ಕೆಡವುವುದೂ ಹರಳೆಣ್ಣೆ ಕುಡಿಸುವುದೂ ಬೇಡ. ಕುರಿಗೆಂದು ತಂದ ಔಷಧವನ್ನು ಅಂದಾಜಿನಿಂದ ನಾಯಿಗೆ ಕೊಡಕೂಡದು. ಗಬ್ಬದ ನಾಯಿಗೂ ರೋಗಿಯಾದ ನಾಯಿಗೂ ಪಶುವೈದ್ಯರನ್ನು ಕೇಳಿಯೇ ಕೊಡತಕ್ಕದ್ದು.

ಔಷಧ ಕೊಡುವ ಕಾಲ

ಮರಿಗಳಿಗೆ: ೨, ೪, ೬, ೮ನೆಯ ವಾರಗಳಲ್ಲಿ, ತಾಯಿಯೊಡನೆ, ಬಳಿಕ ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ.
ದೊಡ್ಡ ನಾಯಿಗಳಿಗೆ: ಮೂರು ತಿಂಗಳಿಗೊಮ್ಮೆ.
ಕುರಿಹಟ್ಟಿಯ ನಾಯಿಗಳಿಗೆ: ಪ್ರಾಜಿಕ್ವಾಂಟೆಲನ್ನು ಆರು ವಾರಕ್ಕೊಮ್ಮೆ. ಹುಳು ಮೊಟ್ಟೆಯಿಡುವ ಮೊದಲೇ ಅದನ್ನು ಕೊಲ್ಲುವುದು ಇದರ ಉದ್ದೇಶ.

ಔಷಧವು ಹುಳುವನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಗಳನ್ನಲ್ಲ. ಆದುದರಿಂದ ಔಷಧ ಕೊಟ್ಟ ಮೇಲೆ ಎರಡು ಮೂರು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಆಳವಾಗಿ ಹೂಳಬೇಕು ಅಥವಾ ಸುಡಬೇಕು. ಫಿನಾಯಿಲನ್ನು ನೆಚ್ಚಕೂಡದು, ಕುದಿಯುವ ನೀರು ಮತ್ತು ಬೆಂಕಿಯೇ ಸಾಧನ.

ನಿವಾರಣೋಪಾಯಗಳು

೧. ಕೊಯ್ದ ಅಥವಾ ಸತ್ತ ಕುರಿ, ಮೇಕೆಗಳ ತಲೆ, ಈಲಿ, ಶ್ವಾಸಕೋಶಗಳನ್ನು ಹಸಿಯಾಗಿ ನಾಯಿಗೆ ಹಾಕಕೂಡದು. ಈಲಿ, ಶ್ವಾಸಕೋಶಗಳನ್ನು ಹಾಕಲೇಬೇಕಾದರೆ ತುಂಡುಮಾಡಿ ಅರ್ಧ ಗಂಟೆಗೆ ಕಡಮೆಯಿಲ್ಲದೆ ಕುದಿಸಬೇಕು. ನೀರುಗುಳ್ಳೆಯನ್ನು ಚುಚ್ಚಿ ಒಡೆಯದೆ ಹೂಳಬೇಕು.
೨. ಸುತ್ತುರೋಗದ ಕುರಿಯ ತಲೆಯನ್ನು ಸುಡಬೇಕು. ಇಲ್ಲವೇ ನಾಯಿ ಕೆದಕದಂತೆ ನಾಲ್ಕಡಿ ಆಳದಲ್ಲಿ ಹೂಳಿ ಮೇಲೆ ಕಲ್ಲು ಹೇರಬೇಕು.
೩. ಅಂಗಳದ ನಾಯಿಮಲವನ್ನು ದಿನವೂ ತೆಗೆಯಬೇಕು. ದುಂಡುಹುಳುವಿನ ಮೊಟ್ಟೆಯು ಸೋಂಕುವಂತಾಗಲು ಎರಡು ವಾರಗಳಾದರೂ ಬೇಕು. ಲಾಡಿಹುಳುವಿನದು ಬಿದ್ದ ಕೂಡಲೇ ಸೋಂಕುತ್ತದೆ.
೪. ನಾಯಿಗೆ ಮೇವಿನ ಬಣವೆಯ ಮೇಲೂ ಕುರಿಯ ಗೊಂತಿನಲ್ಲಿಯೂ ಮಲಗಲು ಅವಕಾಶ ಕೊಡಬಾರದು. ಚಿಗಟಗಳನ್ನು ಹತ್ತಿಕ್ಕಬೇಕು.
೫. ನಾಯಿಯನ್ನು ಮುಟ್ಟಿದ ಮೇಲೆ ಕೈತೊಳೆದೇ ಉಣ್ಣುವಂತೆ ಮಕ್ಕಳಿಗೆ ಕಲಿಸಬೇಕು; ಮುಖ ನೆಕ್ಕಿಸಿಕೊಳ್ಳಬಾರದು.

ಗ್ರಾಮಮುಖಂಡರ ಕರ್ತವ್ಯ

ನಾಯಿಗಳು ಊರೆಲ್ಲ ತಿರುಗುವುದರಿಂದ ಒಂದು ಮನೆಯವರು ಮಾತ್ರ ಔಷಧ ಕೊಟ್ಟರೆ ಸಾಲದು. ಮುಖಂಡರು ದಿನವನ್ನು ಗೊತ್ತುಪಡಿಸಿ, ಬೀದಿನಾಯಿಗಳನ್ನೂ ಸೇರಿಸಿ ಊರಿನ ನಾಯಿಗಳಿಗೆಲ್ಲ ಏಕಕಾಲದಲ್ಲಿ ಔಷಧ ಕೊಡಿಸಬೇಕು. ಜಾತ್ರೆ, ಮಾರಿಹಬ್ಬಗಳಲ್ಲಿ ಅನೇಕ ಕುರಿಗಳು ಒಂದೇ ದಿನ ಕೊಯ್ಯಲ್ಪಡುತ್ತವೆ. ಆ ದಿನ ನಾಯಿಗಳಿಗೆ ಸಿಕ್ಕಿದ ಹಸಿ ಅಂಗಗಳೇ ವರ್ಷದ ರೋಗಕ್ಕೆ ಬೀಜ. ಮುಂಚಿತವಾಗಿಯೇ ಬೇಲಿಯುಳ್ಳ ಗುಂಡಿಯನ್ನು ತೋಡಿಸಿ ನಾಯಿಗಳನ್ನು ಕಟ್ಟಿಸಬೇಕು.

ಐಸ್‌ಲ್ಯಾಂಡ್ ಎಂಬ ಕುರಿಗಳ ನಾಡಿನಲ್ಲಿ ೧೮೬೩ರಲ್ಲಿ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಎಂಬುವರು ೧೦೦ ನಾಯಿಗಳನ್ನು ಪರೀಕ್ಷಿಸಿ ೨೮ರಲ್ಲಿ ಈ ಘೋರವಾದ ಹುಳುವನ್ನು ಕಂಡರು. ಮರುವರ್ಷ ಅವರು ಬರೆದ ಕಿರುಪುಸ್ತಕವನ್ನು ಮನೆಮನೆಗೂ ಹಂಚಲಾಯಿತು. ಇಂದಿನಷ್ಟು ಖಚಿತವಾದ ಔಷಧ ಆಗ ಇರಲಿಲ್ಲ. ಆದರೂ ಹಸಿ ಅಂಗಗಳನ್ನು ನಾಯಿಗೆ ಸಿಗದಂತೆ ಮಾಡಿದ್ದರಿಂದ ಮುಂದಿನ ತಲೆಮಾರುಗಳಲ್ಲಿ ಆ ರೋಗ ಅಲ್ಲಿಂದ ತೊಲಗಿತು. ಗುದ್ದಲಿಯೂ ಒಲೆಯೂ ಇರುವ ಯಾವ ಊರಿಗಾದರೂ ಇದು ಸಾಧ್ಯವಾದ ಕೆಲಸ.

ಔಷಧದ ವಿಷಯದಲ್ಲಿ ಸಂದೇಹವಿದ್ದವರು ಸಮೀಪದ ಪಶುವೈದ್ಯಶಾಲೆಯಲ್ಲಿಯೂ ಹೊಸದುರ್ಗದ ಪಶು ಆಸ್ಪತ್ರೆಯಲ್ಲಿಯೂ ವಿಚಾರಿಸಬಹುದು.