ಹೊಲದಲ್ಲಿಯೇ ಗಾಳಿ: ಟ್ರಾಕ್ಟರಿಗೆ ಯಾವ ಪಂಪು ಒಪ್ಪುವುದು?

ಬಂಡಿಗೆ ಕೀಲೆಣ್ಣೆ ಹೇಗೋ ಟ್ರಾಕ್ಟರಿಗೆ ಗಾಳಿ ಹಾಗೆ. ಕೀಲೆಣ್ಣೆಯನ್ನು ಬಂಡಿಯ ಜೊತೆಯಲ್ಲಿಯೇ ಒಯ್ಯುತ್ತಿದ್ದ ನಾವು ಗಾಳಿಯನ್ನು ಮಾತ್ರ ಪಂಕ್ಚರ್ ಅಂಗಡಿಯಲ್ಲಿ ಬಿಟ್ಟು ಹೊಲಕ್ಕೆ ಹೋಗುತ್ತೇವೆ. ಗಾಳಿ ತುಂಬುವ ಸಾಧನವನ್ನು ಟ್ರಾಕ್ಟರಿನ ಮೇಲೆಯೇ ಇಟ್ಟುಕೊಳ್ಳುವುದಾದರೆ ಅದನ್ನು ಆರಿಸುವುದು ಹೇಗೆಂಬುದನ್ನು ಈ ವಾರ ನೋಡೋಣ.

ಹೊಲಕ್ಕೊಂದು, ರಸ್ತೆಗೊಂದು

ಮಕ್ತಲ್, ನಾರಾಯಣಪೇಟೆ ಕಡೆಯ ಎರೆಹೊಲಗಳಲ್ಲಿ, ಜುರಾಲಾ ನೀರಿನ ಗದ್ದೆಗಳಲ್ಲಿ ಟೈರು ಬಿಗಿಯಾಗಿದ್ದರೆ ಗಾಲಿ ನಿಂತಲ್ಲಿಯೇ ತಿರುಗುತ್ತದೆ. ಡೀಸೆಲ್ ವ್ಯರ್ಥವಾಗುತ್ತದೆ, ನೆಲ ಒತ್ತಿ ಗಟ್ಟಿಯಾಗಿ ಬೆಳೆಯ ಬೇರು ಕೆಳಗಿಳಿಯುವುದಿಲ್ಲ. ಗಾಳಿ ತಗ್ಗಿಸಿದರೆ ಟೈರು ಅಗಲವಾಗಿ ನೆಲಕ್ಕೆ ಊರುತ್ತದೆ, ಹಿಡಿತ ಹೆಚ್ಚುತ್ತದೆ. ಆದರೆ ಅದೇ ಮೆತ್ತನೆಯ ಟೈರಿನಲ್ಲಿ ಹತ್ತಿ ಹೇರಿದ ಟ್ರಾಲಿ ಕಟ್ಟಿಕೊಂಡು ಗದ್ವಾಲದಿಂದ ರಾಯಚೂರಿಗೆ ಹೊರಟರೆ ಟೈರಿನ ಪಕ್ಕೆ ಮಡಚಿ ಮಡಚಿ ಕಾದು ಸೀಳುತ್ತದೆ. ಸಾಮಾನ್ಯವಾಗಿ ಹಿಂದಿನ ಟೈರಿಗೆ ಹೊಲದಲ್ಲಿ 12 ಪೌಂಡು, ರಸ್ತೆಯ ಹೇರಿಗೆ 16ರಿಂದ 18 ಪೌಂಡು ಗಾಳಿ ಬೇಕು. ನಿಮ್ಮ ಟ್ರಾಕ್ಟರಿನ ಲೆಕ್ಕವನ್ನು ಅದರ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿರಿ.

ಇದು ನಮ್ಮೊಬ್ಬರ ತೊಡಕಲ್ಲ. 1942ರಲ್ಲಿ ಅಮೆರಿಕದವರು ನೀರಿನಲ್ಲಿಯೂ ನೆಲದ ಮೇಲೆಯೂ ಓಡುವ ‘ಡಕ್’ ಎಂಬ ಸೈನ್ಯದ ಲಾರಿಯನ್ನು ಮಾಡಿದರು. ಚಾಲಕನು ಕುಳಿತಲ್ಲಿಂದಲೇ ಟೈರಿನ ಗಾಳಿಯನ್ನು ಮರಳಿಗೆ ಇಳಿಸಿ, ರಸ್ತೆಗೆ ಏರಿಸುವ ಏರ್ಪಾಡು ಅದರಲ್ಲಿತ್ತು. ನಮಗೆ ಅಷ್ಟು ಬೇಕಿಲ್ಲ. ಗಾಳಿ ಇಳಿಸುವುದು ಸುಲಭ. ಹೊಲದ ಬದುವಿನಲ್ಲಿ ನಿಂತು ಏರಿಸುವ ಉಪಾಯವೊಂದಿದ್ದರೆ ಸಾಕು.

ಮೊದಲು ಲೆಕ್ಕ

ಅಂಗಡಿಯಲ್ಲಿ ಪಂಪಿನ ಪೆಟ್ಟಿಗೆಯ ಮೇಲೆ ‘150 ಪೌಂಡು’ ಎಂದು ದೊಡ್ಡದಾಗಿ ಬರೆದಿರುತ್ತದೆ. ನಮಗೆ ಬೇಕಾದದ್ದು 18 ಪೌಂಡು ಮಾತ್ರ. ನೋಡಬೇಕಾದದ್ದು, ನಿಮಿಷಕ್ಕೆ ಎಷ್ಟು ಲೀಟರು ಗಾಳಿ ಕೊಡುತ್ತದೆ ಎಂಬುದನ್ನು. ಟೈರಿನೊಳಗಿನ ಜಾಗವನ್ನು ಏರಿಸಬೇಕಾದ ಪೌಂಡಿನಿಂದ ಗುಣಿಸಿ 15ರಿಂದ ಭಾಗಿಸಿದರೆ ಬೇಕಾದ ಗಾಳಿ ಎಷ್ಟೆಂದು ತಿಳಿಯುತ್ತದೆ. ಹಿಂದಿನ ಟೈರಿನಲ್ಲಿ 200 ಲೀಟರು ಜಾಗವಿದೆಯೆಂದು ಹಿಡಿಯೋಣ. 12ರಿಂದ 18ಕ್ಕೆ ಏರಿಸಲು 80 ಲೀಟರು ಬೇಕು. ಪೂರ್ತಿ ಇಳಿದ ಟೈರಿಗೆ 240 ಲೀಟರು. ಟೈರಿನಲ್ಲಿ ಭಾರಕ್ಕೆಂದು ನೀರು ತುಂಬಿಸಿದ್ದರೆ ಗಾಳಿಯ ಜಾಗ ಬಹಳ ಕಡಿಮೆ; ಆಗ ವಾಲ್ವನ್ನು ಮೇಲಕ್ಕೆ ತಂದೇ ಗಾಳಿ ಅಳೆಯಬೇಕು.

ನಾಲ್ಕು ಸಾಧನಗಳು

ಕೈಪಂಪು: ಅಗ್ಗ, ಕೆಡುವುದಿಲ್ಲ. ಒಂದು ಒತ್ತಿಗೆ ಅರ್ಧ ಲೀಟರು ಕೊಟ್ಟರೂ ಒಂದು ಹಿಂದಿನ ಟೈರಿಗೆ 160 ಸಲ ಒತ್ತಬೇಕು. ಮುಂದಿನ ಸಣ್ಣ ಗಾಲಿಗೆ ತಕ್ಕುದು.

ಬ್ಯಾಟರಿಯ ಕಂಪ್ರೆಸರ್: 12 ವೋಲ್ಟಿನದು. ನಿಜವಾಗಿ ನಿಮಿಷಕ್ಕೆ 20 ಲೀಟರು ಕೊಡುವಂಥದಾದರೆ ಒಂದು ಟೈರಿಗೆ 4 ನಿಮಿಷ, ಪೂರ್ತಿ ಇಳಿದಿದ್ದರೆ 12 ನಿಮಿಷ. ದೊಡ್ಡದಾದರೆ ತಂತಿಯನ್ನು ಫ್ಯೂಜಿನ ಸಮೇತ ನೇರವಾಗಿ ಬ್ಯಾಟರಿಗೆ ಹಚ್ಚಬೇಕು. ಇಂಜಿನು ಓಡುತ್ತಿರಲಿ, ಕಂಪ್ರೆಸರ್ ಕಾದರೆ ಆರಲು ಬಿಡಿರಿ.

ಗಾಳಿಯ ಟಾಕಿ: 120 ಪೌಂಡು ತುಂಬಿದ 30 ಲೀಟರಿನ ಟಾಕಿಯಿಂದ 18 ಪೌಂಡಿನ ಟೈರಿಗೆ ಸಿಗುವುದು ಸುಮಾರು 200 ಲೀಟರು. ಎರಡೂ ಹಿಂದಿನ ಟೈರುಗಳನ್ನು ಒಮ್ಮೆ ಏರಿಸಬಹುದು. ಪೂರ್ತಿ ಇಳಿದ ಒಂದು ಟೈರಿಗೂ ಸಾಲದು. ತುಕ್ಕು ಹಿಡಿದ ಟಾಕಿ ಸಿಡಿಯುತ್ತದೆ. ಸೇಫ್ಟಿ ವಾಲ್ವು ಇಲ್ಲದ್ದನ್ನು ಕೊಳ್ಳಬೇಡಿರಿ. ತಳದ ನೀರನ್ನು ಆಗಾಗ ಹೊರಬಿಡಿರಿ.

ಇಂಜಿನಿನಿಂದ ನಡೆಯುವ ಕಂಪ್ರೆಸರ್: ಎಲ್ಲಕ್ಕಿಂತ ಬೇಗ, ಎಲ್ಲಕ್ಕಿಂತ ದುಬಾರಿ. ಹಲವರ ಹೊಲ ಉಳುವ ಬಾಡಿಗೆ ಟ್ರಾಕ್ಟರಿಗೆ ಲಾಭ. ಒಂದೇ ಮನೆಯ ಟ್ರಾಕ್ಟರಿಗೆ ಬ್ಯಾಟರಿಯ ಕಂಪ್ರೆಸರ್, ಅದು ಕೆಟ್ಟ ದಿನಕ್ಕೆ ಕೈಪಂಪು, ಇಷ್ಟು ಸಾಕು.

ಜೀವದ ಮಾತು

ಒಲೆಯ ಗ್ಯಾಸನ್ನಾಗಲಿ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ನನ್ನಾಗಲಿ ಟೈರಿಗೆ ಎಂದೂ ತುಂಬಬಾರದು. ಗ್ಯಾಸು ತುಂಬಿದ ಗಾಲಿಗೆ ಮುಂದೊಂದು ದಿನ ವೆಲ್ಡಿಂಗ್ ಬೆಂಕಿ ತಗಲಿದರೆ ಬಾಂಬಿನಂತೆ ಒಡೆಯುತ್ತದೆ. ಆಕ್ಸಿಜನ್ನಿಗೆ ಎಣ್ಣೆ ಜಿಡ್ಡು ಸೋಕಿದರೂ ಅಪಾಯವೇ. ಗಾಳಿಯಿಲ್ಲದೆ ಓಡಿಸಿದ ಟೈರನ್ನು ಬಿಚ್ಚಿ ನೋಡದೆ ತುಂಬಬೇಡಿರಿ. ಹತ್ತಡಿಯ ಪೈಪು ಇಟ್ಟುಕೊಂಡು, ಟೈರಿನ ಪಕ್ಕೆಗೆ ಎದುರಾಗದೆ ಓರೆಯಾಗಿ ನಿಲ್ಲಿರಿ. ಮಕ್ಕಳನ್ನು ಹತ್ತಿರ ಬಿಡಬೇಡಿರಿ.

ಪಂಪಿಗಿಂತ ಮೊದಲು ಕೊಳ್ಳಬೇಕಾದದ್ದು ಗಾಳಿ ಅಳೆಯುವ ಗೇಜು. ಲಾರಿಯ ಗೇಜಿನಲ್ಲಿ 12ಕ್ಕೂ 16ಕ್ಕೂ ಇರುವ ಅಂತರ ಸರಿಯಾಗಿ ಕಾಣದು. 40 ಪೌಂಡಿನವರೆಗೆ ಮಾತ್ರ ತೋರಿಸುವುದನ್ನು ಕೊಳ್ಳಿರಿ. ಆಮೇಲೆ ಪಂಪಿನ ಅಂಗಡಿಗೆ ಹೋದಾಗ, ಅದು ಎಷ್ಟು ಪೌಂಡಿನದೆಂದು ಕೇಳಬೇಡಿರಿ. ನಿಮಿಷಕ್ಕೆ ಎಷ್ಟು ಲೀಟರೆಂದು ಕೇಳಿರಿ.